ಹೆಸರು ಕೇಳದ ಕಂಪ್ಯೂಟರು

ಕಿರವತ್ತಿಯ ಖಾನಾವಳಿಯ ಅವ್ವ ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಕಿವಿಯ ಯಂತ್ರ ಅವರ ಕಿವಿಯಲ್ಲಿರಲಿಲ್ಲ, ಸೆರಗಿನ ಗಂಟಿನಲ್ಲಿತ್ತು. ಗಂಟು ಬಿಚ್ಚಿ ಅಂಗೈಯಲ್ಲಿಟ್ಟು ನನಗೆ ತೋರಿಸಿದರು.

"ಹಾಕ್ಕೊಂಡ್ರ ಬರೇ ಸಿಳ್ಳೆ ಹೊಡಿತೈತಿ ತಮ್ಮಾ. ಏನೂ ಕೇಳಸವಲ್ದು."

ಕಿವಿ ಕೇಳದವರು ಮಾತಾಡುವ ಹಾಗೆ ಜೋರಾಗಿಯೇ ಅಂದರು. ಪಕ್ಕದಲ್ಲಿ ನಿಂತವರು ತಿರುಗಿ ನೋಡಿದರು. ನಾನು ಬೈಕಿನ ಹಿಂದಿನ ಸೀಟು ತೋರಿಸಿದೆ. ಅವರು ಹತ್ತಿ ಕೂತರು.

ಮರುದಿನ ಯಲ್ಲಾಪುರದ ಕೋರ್ಟಿನಲ್ಲಿ ಅವರು ಸಾಕ್ಷಿ ಹೇಳಬೇಕಿತ್ತು. ಸತ್ತವಳು ನನ್ನ ತಂಗಿ. ಕಿರವತ್ತಿಯ ಹತ್ತಿರದ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ಶಾಲೆ ಬಿಟ್ಟ ಮೇಲೆ ಸ್ಕೂಟಿಯಲ್ಲಿ ಯಲ್ಲಾಪುರದ ಮನೆಗೆ ಹೊರಟವಳು, ಶಾಲೆಯ ದಾರಿ ಹೆದ್ದಾರಿಗೆ ಸೇರುವಲ್ಲಿ ಲಾರಿಗೆ ಸಿಕ್ಕಿದಳು. ಎದುರಿಗೇ ಅವ್ವನ ಖಾನಾವಳಿ. ಅದನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಎರಡು ವರ್ಷ ಕಳೆದ ಮೇಲೆ ಸಾಕ್ಷಿ ವಿಚಾರಣೆ ಶುರುವಾಗಿತ್ತು. ಹಿಂದಿನ ಸಲ ಅವ್ವ ಕಟಕಟೆ ಹತ್ತಿ, ಯಾರು ಏನು ಕೇಳಿದರೂ "ಆಂ?" ಎನ್ನುತ್ತ ನಿಂತು ಹಾಗೇ ಇಳಿದು ಬಂದಿದ್ದರು. ಇನ್ನೊಂದೇ ಅವಕಾಶ ಕೊಡುತ್ತೇನೆಂದು ನ್ಯಾಯಾಧೀಶರು ಹೇಳಿದ್ದರು.

"ಸಾಕ್ಷಿಗೆ ಕಿವಿಯೇ ಕೇಳೋದಿಲ್ಲ ಅಂತಾದ್ರೆ ಎದುರಿನ ವಕೀಲರು ಅಷ್ಟನ್ನೇ ಹಿಡ್ಕೋತಾರೆ," ಎಂದಿದ್ದರು ಸರ್ಕಾರಿ ವಕೀಲರು. "ಏನಾದ್ರೂ ಮಾಡಿ ಆ ಯಂತ್ರ ಸರಿ ಮಾಡಿಸಿ."

ಯಂತ್ರ ಪಾತ್ರೆ ತೊಳೆಯುವಾಗ ನೀರಿಗೆ ಬಿದ್ದಿತ್ತು. ಹುಬ್ಬಳ್ಳಿಗೆ ಕಳಿಸಿ ರಿಪೇರಿ ಮಾಡಿಸಿದ್ದಾಗಿತ್ತು. ಆದರೆ ರಿಪೇರಿಯಲ್ಲಿ ಒಳಗಿದ್ದ ಹೊಂದಾಣಿಕೆಗಳೆಲ್ಲ ಅಳಿಸಿಹೋಗಿ, ಅದು ಯಾರ ಕಿವಿಗೂ ಸೇರದ ಯಂತ್ರವಾಗಿ ವಾಪಸು ಬಂದಿತ್ತು. ಯಾವ ದನಿಯನ್ನು ಎಷ್ಟು ಏರಿಸಬೇಕು, ಯಾವುದನ್ನು ಇಳಿಸಬೇಕು ಎಂಬುದನ್ನು ಮತ್ತೆ ತುಂಬಬೇಕು. ಅಷ್ಟು ಹಳೆಯ ಮಾದರಿಗೆ ತುಂಬಬಲ್ಲ ಕಂಪ್ಯೂಟರು ನಮ್ಮ ಸುತ್ತಮುತ್ತ ಒಂದೇ ಇತ್ತು. ಅದು ಶಿರಸಿಯ ಕಿವಿ ಪರೀಕ್ಷೆಯ ಕೇಂದ್ರದಲ್ಲಿತ್ತು. ಆ ಕಂಪ್ಯೂಟರನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವನು ನಾನೇ. ಆದ್ದರಿಂದ ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ. ಮಧ್ಯಾಹ್ನ ಸಿದ್ದಾಪುರಕ್ಕೆ ಹೋಗಿ ಒಂದು ಪ್ರಿಂಟರು ನೋಡುವುದಾಗಿಯೂ ಒಪ್ಪಿಕೊಂಡಿದ್ದೆ.

ಕೇಂದ್ರ ನಡೆಸುವ ಅಕ್ಕ ಬಾಗಿಲಲ್ಲೇ ಸಿಕ್ಕರು.

"ತಮ್ಮಾ, ನಿಂಗೆ ಫೋನ್ ಮಾಡವು ಹೇಳೇ ಇದ್ದಿದ್ದಿ. ಒಳಗಿನ ಕಂಪ್ಯೂಟರು ಹೆಸರು, ಪಾಸ್‌ವರ್ಡು ಎಂತದೂ ಕೇಳ್ತೇ ಇಲ್ಲೆ. ಸೀದಾ ಒಳಗೆ ಹೋಗ್ತು. ಎಂತ ಆಜು ಹೇಳಿ ಗೊತ್ತಿಲ್ಲೆ."

"ಕೇಳದೇ ಇದ್ರೆ ಒಳ್ಳೇದೇ ಅಲ್ದಾ?" ಎಂದೆ.

"ಒಳ್ಳೇದಲ್ಲ ಮಾರಾಯ. ಸಾಫ್ಟ್‌ವೇರು ತೆರೀತಿಲ್ಲೆ."

ಆ ವ್ಯವಸ್ಥೆ ಹೀಗಿತ್ತು. ಹೊರಗಿನ ಕೋಣೆಯಲ್ಲಿ ಒಂದು ಕಂಪ್ಯೂಟರು. ಬಂದವರೆಲ್ಲರ ಕಿವಿಯ ದಾಖಲೆಗಳು ಅದರಲ್ಲಿದ್ದವು. ಒಳಗಿನ ಸದ್ದಿಲ್ಲದ ಕೋಣೆಯಲ್ಲಿ ವಿಂಡೋಸ್ ತೊಂಬತ್ತೆಂಟರ ಹಳೆಯ ಪೆಟ್ಟಿಗೆ. ಅದರ ಹಿಂಬದಿಯ ಕೇಬಲ್ಲಿಗೆ ಕಿವಿಯ ಯಂತ್ರ ಸಿಕ್ಕಿಸಿ ಹೊಂದಾಣಿಕೆ ತುಂಬುತ್ತಿದ್ದರು. ಒಳಗಿನದನ್ನು ಚಾಲು ಮಾಡಿದರೆ ಒಂದು ಸಣ್ಣ ಬೂದು ಕಿಟಕಿ ಬಂದು ಹೆಸರು, ಪಾಸ್‌ವರ್ಡು ಕೇಳಬೇಕು. ಕೊಟ್ಟರೆ ಹೊರಗಿನ ಕಂಪ್ಯೂಟರಿನ ದಾಖಲೆಗಳು ಇಲ್ಲಿ ತೆರೆದುಕೊಳ್ಳುತ್ತವೆ. ಈಗ ಆ ಕಿಟಕಿಯೇ ಬರುತ್ತಿರಲಿಲ್ಲ. ಹೆಸರು ಕೇಳದೆ ಒಳಗೆ ಬಿಟ್ಟುಕೊಳ್ಳುತ್ತಿತ್ತು, ಒಳಗೆ ಹೋದರೆ ಏನೂ ಇರಲಿಲ್ಲ. ದಾಖಲೆ ಸಿಗದೆ ಆ ಸಾಫ್ಟ್‌ವೇರು ಒಂದು ಹೆಜ್ಜೆಯೂ ಮುಂದೆ ಹೋಗದು. ಹೊಸದಾಗಿ ಪರೀಕ್ಷೆ ಮಾಡಿ ತುಂಬೋಣವೆಂದರೂ ಮೊದಲು ಅದು ತೆರೆಯಬೇಕು.

ಅವ್ವನನ್ನು ಬೆಂಚಿನ ಮೇಲೆ ಕೂರಿಸಿ ಕೆಲಸ ಶುರು ಮಾಡಿದೆ.

ಇಂಥ ಹೊತ್ತಿನಲ್ಲಿ ಗಾಬರಿಯಾಗಬೇಕು. ನನಗೆ ಆಗಲಿಲ್ಲ. ತಂಗಿ ಹೋದ ಮೇಲೆ ನನಗೆ ಹೀಗೇ ಆಗಿತ್ತು. ಸಿಟ್ಟು ಬರುತ್ತಿರಲಿಲ್ಲ, ಅಳು ಬರುತ್ತಿರಲಿಲ್ಲ. ಊಟಕ್ಕೆ ಕರೆದರೆ ಉಣ್ಣುತ್ತಿದ್ದೆ, ಏನು ಉಂಡೆನೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಲಾರಿಯ ಚಾಲಕನನ್ನು ಕೋರ್ಟಿನ ಜಗಲಿಯಲ್ಲಿ ಕಂಡಾಗಲೂ ಯಾರನ್ನೋ ಕಂಡಂತಾಗಿತ್ತು. ಕೈಗಳು ಮಾತ್ರ ಕೆಲಸ ಮಾಡಿಕೊಂಡು ಹೋಗುತ್ತಿದ್ದವು. ಆ ದಿನವೂ ಅವೇ ಶುರು ಮಾಡಿದವು.

ಮೊದಲು ತಂತಿ. ಪೆಟ್ಟಿಗೆಯ ಹಿಂದೆ ನೆಟ್‌ವರ್ಕ್ ಕಾರ್ಡಿನ ಹಸಿರು ದೀಪ ಉರಿಯುತ್ತಿತ್ತು. ಆದೇಶ ಕೊಡುವ ಕಪ್ಪು ಪರದೆ ತೆರೆದು ಹೊರಗಿನ ಕಂಪ್ಯೂಟರಿಗೆ ಪಿಂಗ್ ಕಳಿಸಿದೆ. ನೀನಿದ್ದೀಯಾ ಎಂದು ಒಂದು ಯಂತ್ರ ಇನ್ನೊಂದನ್ನು ಕೂಗುವ ರೀತಿ ಅದು. ತಕ್ಷಣ ಓಗೊಟ್ಟಿತು. ಅಂದರೆ ತಂತಿ ಸರಿ, ಕಾರ್ಡೂ ಸರಿ. ಲಾಗ್ ಆಫ್ ಮಾಡಿ ನೋಡಿದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಸೀದಾ ಒಳಗೇ ಬಂತು.

ನೆಟ್‌ವರ್ಕಿನ ಪಟ್ಟಿ ತೆರೆದಾಗ ಕಾರಣ ಕಂಡಿತು. ಅಲ್ಲಿ ಇರಬೇಕಾದ 'ಕ್ಲೈಂಟ್' ಎಂಬ ಭಾಗವೇ ಇರಲಿಲ್ಲ. ಹೆಸರು ಕೇಳುವ ಕಿಟಕಿಯನ್ನು ತರುವುದು ಅದೇ. ಅದಿಲ್ಲದಿದ್ದರೆ, ತಂತಿ ಎಷ್ಟು ಸರಿಯಿದ್ದರೂ, ಈ ಕಂಪ್ಯೂಟರು ತಾನೊಬ್ಬನೇ ಇದ್ದೇನೆ ಎಂದುಕೊಳ್ಳುತ್ತದೆ. ಕರೆಂಟು ಹೋಗಿ ಬಂದು ಮಾಡುವಾಗ ಅಳಿಸಿಹೋಯಿತೋ, ಡಿಸ್ಕೇ ಹಳತಾಗಿ ಹಾಗಾಯಿತೋ, ನನಗೆ ಇಂದಿಗೂ ಗೊತ್ತಿಲ್ಲ. ಮತ್ತೆ ಸೇರಿಸಲು ಹೋದರೆ ವಿಂಡೋಸಿನ ಸೀಡಿ ಹಾಕು ಎಂದಿತು.

ನನ್ನ ರಿಪೇರಿ ಅಂಗಡಿಗೆ ಹೋಗಿ ಹಳೆಯ ಸೀಡಿ ಹುಡುಕಿ ತಂದೆ. ಆ ಪೆಟ್ಟಿಗೆಯ ಸೀಡಿ ಡ್ರೈವು ಅದನ್ನು ಒಳಗೆಳೆದುಕೊಂಡು ಗರಗರ ತಿರುಗಿಸಿ, ಏನೂ ಇಲ್ಲವೆಂದು ಹೊರಗೆ ಹಾಕಿತು. ಒರೆಸಿ ಹಾಕಿದರೂ ಅಷ್ಟೇ. ಪೆನ್‌ಡ್ರೈವ್ ಸಿಕ್ಕಿಸಿದೆ. ಅಷ್ಟು ಹಳೆಯ ವಿಂಡೋಸಿಗೆ ಪೆನ್‌ಡ್ರೈವೆಂದರೆ ಏನೆಂದು ತಿಳಿಯದು. ಅದನ್ನು ಗುರುತಿಸುವ ಡ್ರೈವರು ಫೈಲು ಬೇಕೆಂದಿತು, ಡ್ರೈವರು ಹಾಕಲು ಮತ್ತೆ ಸೀಡಿಯೇ ಆಗಬೇಕಿತ್ತು.

ಇನ್ನೊಂದು ದಾರಿ ಇತ್ತು. ಆ ವಿಂಡೋಸು ತನ್ನ ರಿಜಿಸ್ಟ್ರಿಯ, ಅಂದರೆ ಒಳಗಿನ ಏರ್ಪಾಡುಗಳೆಲ್ಲದರ, ಕೆಲವು ಪ್ರತಿಗಳನ್ನು ದಿನದಿನ ತಾನೇ ತೆಗೆದಿಡುತ್ತದೆ. ಹಳೆಯ ಪ್ರತಿಗೆ ಹಿಂದಿರುಗಿದರೆ ಕಳೆದುಹೋದದ್ದು ಬರಬಹುದು. ವಿಂಡೋಸಿನ ಅಡಿಯ ಡಾಸ್‌ಗೆ ಇಳಿದು ಪ್ರತಿಗಳನ್ನು ನೋಡಿದೆ.

"ಅಕ್ಕಾ, ಪಾಸ್‌ವರ್ಡು ಕೇಳೋದು ನಿಂತಿದ್ದು ಯಾವಾಗ?"

"ಹೋದ ವಾರನೇ. ಯಾರಿಗೂ ಬೇಕಾಗಿತ್ತಿಲ್ಲೆ, ಹಾಂಗಾಗಿ ಬಿಟ್ಟಿದ್ದಿ. ದಿನಾ ಚಾಲು ಮಾಡಿ ಬಂದ್ ಮಾಡ್ತಿದ್ದಿ."

ದಿನವೂ ಚಾಲು ಮಾಡಿದ್ದರಿಂದ ಒಳ್ಳೆಯ ಪ್ರತಿಗಳೆಲ್ಲ ಒಂದೊಂದಾಗಿ ಹೋಗಿ ಕೆಟ್ಟವು ಮಾತ್ರ ಉಳಿದಿದ್ದವು. ಅತಿ ಹಳೆಯದನ್ನು ತಂದು ನೋಡಿದೆ. ಕಿಟಕಿ ಬರಲಿಲ್ಲ.

ಉಳಿದದ್ದು ಡಿಸ್ಕನ್ನೇ ಬಿಚ್ಚುವುದು. ಹೊರತೆಗೆದು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಬೇಕಾದ ಫೈಲುಗಳನ್ನು ತುಂಬಿ ವಾಪಸು ಹಾಕುವುದು. ಬೇರೆ ಪೆಟ್ಟಿಗೆಯಾಗಿದ್ದರೆ ಯೋಚಿಸುತ್ತಲೂ ಇರಲಿಲ್ಲ. ಪಕ್ಕದ ತಗಡು ಬಿಚ್ಚಿ, ಒಳಗೆ ಕೈ ಹಾಕಿ ಚಪ್ಪಟೆ ಕೇಬಲ್ಲು ಹಿಡಿದೆ. ಆಗ ಅಕ್ಕ ಗಾಬರಿಯಿಂದ ಹತ್ತಿರ ಬಂದರು.

"ಅಯ್ಯೋ, ಕೈಗೆ ಎಂತ ಆತು? ರಕ್ತ ಬರ್ತಾ ಇದ್ದು ನೋಡು."

ತಗಡಿನ ಅಂಚು ಬೆರಳನ್ನು ಸೀಳಿತ್ತು. ರಕ್ತ ಮಣಿಕಟ್ಟಿನವರೆಗೆ ಇಳಿದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಅಕ್ಕ ಹತ್ತಿ ಒತ್ತಿ ಪಟ್ಟಿ ಹಚ್ಚಿದರು. ಹಚ್ಚುತ್ತಲೇ ಕೇಳಿದರು: "ಈಗ ಎಂತ ಬಿಚ್ತಾ ಇದ್ದೆ?"

"ಡಿಸ್ಕು. ಸದ್ದು ಕೇಳ್ತಿಲ್ಯಾ, ಟಕ್ ಟಕ್ ಹೇಳಿ? ಹಳತಾಜು. ತೆಗೆದು ಹಾಕಿದ ಮೇಲೆ ತಿರುಗ್ತು ಹೇಳಿ ಗ್ಯಾರಂಟಿ ಇಲ್ಲೆ."

ಮರುದಿನದ ಕೋರ್ಟಿನ ವಿಷಯ ಅಕ್ಕನಿಗೆ ಗೊತ್ತಿತ್ತು. ನನ್ನ ತಂಗಿಯೂ ಅವರಿಗೆ ಗೊತ್ತಿದ್ದವಳು. ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. "ನೀನು ಹ್ಯಾಂಗೆ ಹೇಳ್ತೆ ಹಾಂಗೆ," ಎಂದರು. ಆಮೇಲೆ, ಬೇರೆಲ್ಲೋ ನೋಡುತ್ತ, "ಆ ಸಾಫ್ಟ್‌ವೇರಿನ ಡಿಸ್ಕು ಈಗ ಎಲ್ಲೂ ಸಿಕ್ತಿಲ್ಲೆ. ಸಿದ್ದಾಪುರದಿಂದ, ಸೋಂದೆಯಿಂದ ಎಷ್ಟು ಜನ ಬರ್ತ. ಇದು ಹೋತು ಅಂದ್ರೆ ಆ ಜನ ಎಲ್ಲ ಎಲ್ಲಿಗೆ ಹೋಗವು?" ಎಂದರು.

ಕೇಬಲ್ಲು ನನ್ನ ಕೈಯಲ್ಲೇ ಇತ್ತು. ಎಳೆದರೆ ಬರುತ್ತಿತ್ತು. ಬಹುಶಃ ಡಿಸ್ಕೂ ತಿರುಗುತ್ತಿತ್ತು. ಬೆಂಚಿನ ಮೇಲೆ ಅವ್ವ ನಮ್ಮಿಬ್ಬರ ಬಾಯಿಯನ್ನೇ ನೋಡುತ್ತ ಕೂತಿದ್ದರು. ಹಾಗೆ ಕೂತವರು ಇನ್ನೆಷ್ಟೋ ಮಂದಿ ಇರುತ್ತಾರೆ ಎಂದು ಅನ್ನಿಸಿತು. ಅನ್ನಿಸಿತು ಎನ್ನುವುದೂ ದೊಡ್ಡ ಮಾತೇ. ಲೆಕ್ಕ ಮಾಡುವ ಹಾಗೆ ಒಂದು ವಿಚಾರ ಬಂತು, ಅಷ್ಟೇ: ನನ್ನ ಒಂದು ದಿನದ ಕೋರ್ಟಿಗೆ ಇದನ್ನು ಪಣಕ್ಕಿಡುವ ಹಕ್ಕು ನನಗಿಲ್ಲ. ಕೇಬಲ್ಲು ಬಿಟ್ಟು ತಗಡು ಮುಚ್ಚಿದೆ.

ಅಕ್ಕ ಚಹಾ ತಂದುಕೊಟ್ಟರು. ಅವ್ವ ನನ್ನ ಮುಖ ನೋಡಿ ತಾವೇ ಅರ್ಥ ಮಾಡಿಕೊಂಡರು.

"ಆಗವಲ್ದೇನು? ಇರ್ಲಿ ಬಿಡು ತಮ್ಮಾ. ನಾಳೆ ನಾ ಅವರ ಬಾಯಿ ನೋಡಿ ತಿಳ್ಕೊಂತೀನಿ."

ಎದುರಿನ ವಕೀಲರು ಬೇಕೆಂದೇ ಬೆನ್ನು ತಿರುಗಿಸಿ ಕೇಳುತ್ತಾರೆಂದು ಅವರಿಗೆ ಹೇಳುವ ಬಗೆ ನನಗೆ ತಿಳಿಯಲಿಲ್ಲ. ತಲೆಯಾಡಿಸಿದೆ.

ಚಹಾ ಕುಡಿಯುತ್ತ ಕಪ್ಪು ಪರದೆಯನ್ನು ಮತ್ತೆ ತೆರೆದೆ. ಯಾಕೆ ತೆರೆದೆನೋ ಗೊತ್ತಿಲ್ಲ. ಇನ್ನೊಂದು ಸಲ ಪಿಂಗ್ ಕಳಿಸಿದೆ. ಮತ್ತೆ ಓಗೊಟ್ಟಿತು. ಆಗ ಹೊಳೆಯಿತು. ಇದು ಹೆಸರು ಕೇಳದಿರಬಹುದು, ಆದರೆ ತಂತಿಯಲ್ಲಿ ಮಾತು ನಡೆಯುತ್ತಿದೆ. ಕಿಟಕಿ ಇಲ್ಲದೆಯೂ ಫೈಲು ತರಿಸಬಲ್ಲ ಎಫ್‌ಟಿಪಿ ಎಂಬ ಹಳೆಯ ಆದೇಶವೊಂದು ಆ ವಿಂಡೋಸಿನಲ್ಲೇ ಇದೆ. ಅದಕ್ಕೆ ಕ್ಲೈಂಟು ಬೇಕಿಲ್ಲ. ಡಿಸ್ಕನ್ನು ಮುಟ್ಟಬೇಕಾಗಿಲ್ಲ.

ಸಿದ್ದಾಪುರದವರಿಗೆ ಇವತ್ತು ಬರಲಾಗುವುದಿಲ್ಲವೆಂದು ಫೋನು ಮಾಡಿದೆ. ನನ್ನ ಲ್ಯಾಪ್‌ಟಾಪಿನ ಸೀಡಿ ಡ್ರೈವು ಆ ಸೀಡಿಯನ್ನು ಕಷ್ಟಪಟ್ಟು ಓದಿತು. ಒಳಗಿನ ಫೈಲುಗಳನ್ನೆಲ್ಲ ನಕಲು ಮಾಡಿಕೊಂಡು, ಲ್ಯಾಪ್‌ಟಾಪನ್ನು ಅದೇ ತಂತಿಗೆ ಸೇರಿಸಿ, ಕೇಳಿದವರಿಗೆ ಫೈಲು ಕೊಡುವ ಒಂದು ಸಣ್ಣ ಪ್ರೋಗ್ರಾಮು ಹಾಕಿದೆ. ಹಳೆಯ ಪೆಟ್ಟಿಗೆಯಿಂದ ಆದೇಶ ಕೊಟ್ಟೆ. ಫೈಲುಗಳು ಒಂದರ ಹಿಂದೊಂದು ಬರತೊಡಗಿದವು. ಎಲ್ಲ ಬಂದ ಮೇಲೆ ಕ್ಲೈಂಟು ಸೇರಿಸಲು ಹೋದರೆ ಫೈಲು ಕೆಟ್ಟಿದೆ ಎಂದಿತು. ಇನ್ನೊಂದು ತೋರಿಸಿದೆ. ಅದೂ ಕೆಟ್ಟಿದೆ.

ಸೀಡಿಯೇ ಹಾಳಾಗಿದೆ ಎಂದುಕೊಂಡು ಬಹಳ ಹೊತ್ತು ಕೂತೆ. ಆಮೇಲೆ ನಾನು ಕೊಟ್ಟ ಆದೇಶಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡು ನೋಡಿದೆ. 'ಬೈನರಿ' ಎಂಬ ಪದವನ್ನು ಮೊದಲು ಕೊಡಬೇಕಿತ್ತು. ಕೊಡದಿದ್ದರೆ ಅದು ಎಲ್ಲ ಫೈಲನ್ನೂ ಬರಹವೆಂದು ತಿಳಿದು ದಾರಿಯಲ್ಲೇ ತಿದ್ದುತ್ತದೆ. ಕಲಿಯುವವರೂ ಮರೆಯದ ಪದ. ಬಂದದ್ದನ್ನೆಲ್ಲ ಅಳಿಸಿ, ಪದ ಕೊಟ್ಟು, ಮತ್ತೆ ತರಿಸಿದೆ.

ಈ ಸಲ ಒಪ್ಪಿಕೊಂಡಿತು. ಕ್ಲೈಂಟು ಪಟ್ಟಿಗೆ ಸೇರಿತು. ಚಾಲು ಮಾಡಿದೊಡನೆ ಹೆಸರು ಕೇಳಬೇಕಾದದ್ದು ಯಾವುದು ಎಂಬಲ್ಲಿ ಅದನ್ನೇ ಆರಿಸಿದೆ. ಕೇಳದೆ ಒಳಗೆ ಬಿಡುವಂತೆ ಖಾಲಿ ಪಾಸ್‌ವರ್ಡನ್ನು ನೆನಪಿಟ್ಟುಕೊಂಡಿದ್ದ ಫೈಲಿನ ಹೆಸರು ಬದಲಿಸಿ ಬದಿಗಿಟ್ಟೆ. ಪೆಟ್ಟಿಗೆಯನ್ನು ಬಂದ್ ಮಾಡಿ ಚಾಲು ಮಾಡಿದೆ. ಡಿಸ್ಕು ಟಕ್ ಟಕ್ ಎಂದಿತು. ವಿಂಡೋಸಿನ ಮೋಡದ ಚಿತ್ರ ಬಂತು, ಹೋಯಿತು. ಆಮೇಲೆ ಪರದೆಯ ನಡುವೆ ಸಣ್ಣ ಬೂದು ಕಿಟಕಿ ಬಂದು ನಿಂತಿತು.

"ಬಂತು ನೋಡು!" ಎಂದರು ಅಕ್ಕ. ಅವರ ಕಣ್ಣು ತುಂಬಿತ್ತು. ನನಗೆ ಏನೂ ಅನ್ನಿಸಲಿಲ್ಲ. ಎದ್ದು ಕುರ್ಚಿ ಬಿಟ್ಟುಕೊಟ್ಟೆ.

ಅವರು ಪಾಸ್‌ವರ್ಡು ಒತ್ತಿ, ಅವ್ವನ ಹಳೆಯ ದಾಖಲೆ ತೆರೆದು, ಯಂತ್ರವನ್ನು ಕೇಬಲ್ಲಿಗೆ ಸಿಕ್ಕಿಸಿದರು. ಹಳೆಯ ಹೊಂದಾಣಿಕೆ ತುಂಬಿ, ಕಿವಿ ಮತ್ತೆ ಪರೀಕ್ಷಿಸಿ, ಅಲ್ಲಲ್ಲಿ ತಿದ್ದಿದರು. ಯಂತ್ರ ಕಿವಿಗೆ ಹೋದ ತಕ್ಷಣ ಅವ್ವ ಬೆಚ್ಚಿ ತಲೆ ಎತ್ತಿದರು.

"ಯವ್ವಾ, ಫ್ಯಾನ್ ಇಷ್ಟ್ ಸಪ್ಪಳ ಮಾಡ್ತೈತೇನು?"

ಅಕ್ಕ ಬೆನ್ನ ಹಿಂದೆ ನಿಂತು ಮೆಲ್ಲಗೆ ಒಂದೊಂದೇ ಪದ ಹೇಳಿದರು. ಅವ್ವ ಪ್ರತಿಯೊಂದನ್ನೂ ತಿರುಗಿ ಹೇಳಿದರು. ಸಂಜೆಯ ಬಸ್ಸಿಗೆ ಬಿಡಲು ಹೋದಾಗ ನನ್ನ ಕೈ ಹಿಡಿದುಕೊಂಡರು.

"ನಾಳೆ ನಾ ಏನ್ ಹೇಳ್ಬೇಕು ತಮ್ಮಾ? ನೀ ಹೆಂಗ ಹೇಳ್ತಿ ಹಂಗ ಹೇಳ್ತೀನಿ."

"ನೋಡಿದ್ದು ಹೇಳಿ ಅವ್ವಾ," ಎಂದೆ. "ಕೇಳಿದ್ದು ಹೇಳಿ. ಬೇರೆ ಏನೂ ಬೇಡ."

ಮರುದಿನ ಕೋರ್ಟಿನಲ್ಲಿ ಅವ್ವ ಸೆರಗು ಹೊದ್ದು ಕಟಕಟೆಯಲ್ಲಿ ನಿಂತರು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳಿದರು. ಲಾರಿ ಹುಬ್ಬಳ್ಳಿ ಕಡೆಯಿಂದ ಬಂತು, ಜೋರಾಗಿ ಬಂತು, ಟೀಚರು ಸ್ಕೂಟಿ ಮೇಲಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಪಾಟೀ ಸವಾಲಿಗೆ ಎದುರಿನ ವಕೀಲರು ಎದ್ದರು. ನಾನು ಅಂದುಕೊಂಡ ಹಾಗೇ ಬೆನ್ನು ತಿರುಗಿಸಿ, ಕಾಗದ ನೋಡುತ್ತ, ತೀರ ಮೆಲ್ಲಗೆ ಕೇಳಿದರು: "ನಿಮಗೆ ಕಿವಿ ಕೇಳುವುದಿಲ್ಲ, ಅಲ್ಲವೇ?"

"ಯಂತ್ರ ಹಾಕ್ಕೊಂಡ್ರ ಕೇಳ್ತೈತ್ರಿ."

"ಇದನ್ನು ಯಾರು ಸರಿ ಮಾಡಿಸಿಕೊಟ್ಟರು?"

"ಅವರ ಮಾಡಿಸಿದ್ರಿ. ಸತ್ತಾಕಿ ಅಣ್ಣ." ಅವ್ವ ನನ್ನತ್ತ ಕೈ ತೋರಿಸಿದರು. ಎಲ್ಲರೂ ತಿರುಗಿ ನೋಡಿದರು. ಸರ್ಕಾರಿ ವಕೀಲರು ಪೆನ್ನು ಕೆಳಗಿಟ್ಟರು.

"ಏನು ಹೇಳಬೇಕೆಂದೂ ಅವರೇ ಕಲಿಸಿಕೊಟ್ಟರೋ?"

"ಕೇಳಿದ್ನಿರಿ ನಾನು, ಏನ್ ಹೇಳ್ಲಿ ಅಂತ. ನೋಡಿದ್ದು, ಕೇಳಿದ್ದು ಹೇಳ್ರಿ ಅಂದ್ರು."

ವಕೀಲರು ಕೈಯಲ್ಲಿದ್ದ ಕಾಗದ ಮಡಿಸಿದರು. ಆಮೇಲೆ ಅವ್ವನತ್ತ ತಿರುಗಿದರು.

"ಹಾಗಾದರೆ ಹೇಳಿ. ಲಾರಿಯವನು ಹಾರನ್ ಹೊಡೆದನೋ, ಇಲ್ಲವೋ?"

"ಹೊಡದ್ರಿ. ಎರಡ್ ಸಲ ಹೊಡದ. ದೂರಿಂದನ ಹೊಡ್ಕೋತ ಬಂದ."

"ನಿಮಗೆ ಹೇಗೆ ಗೊತ್ತು?"

"ಆವಾಗ ಈ ಯಂತ್ರ ಕಿವ್ಯಾಗ ಇತ್ತಲ್ರಿ. ಒಲಿ ಮುಂದ ಕುಂತಾಕಿ ಹಾರನ್ ಕೇಳಿ ತಿರುಗಿ ನೋಡಿದ್ನಿ. ಅದಕ್ಕ ನಾ ನೋಡಿದ್ದು."

"ಹಾರನ್ ಆದ ಮೇಲೂ ಸ್ಕೂಟಿ ರಸ್ತೆಗೆ ಇಳಿಯಿತೇ?"

ಅವ್ವ ನನ್ನ ಕಡೆ ನೋಡಿದರು. ನಾನು ಕಣ್ಣು ಕೆಳಗೆ ಹಾಕಲಿಲ್ಲ.

"ಇಳೀತ್ರಿ," ಎಂದರು.

ಹೊರಗೆ ಸರ್ಕಾರಿ ವಕೀಲರು ಕೋಟು ತೆಗೆಯುತ್ತ, "ಹಾರನ್ನಿನ ಮಾತು ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಇರಲೇ ಇಲ್ಲ," ಎಂದರು. ಅವ್ವನನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಕೇಸು ಆಮೇಲೆ ನಿಲ್ಲಲಿಲ್ಲ. ತಿಂಗಳುಗಳ ನಂತರ ಸಂಶಯದ ಲಾಭ ಕೊಟ್ಟು ಚಾಲಕನನ್ನು ಬಿಟ್ಟರು. ಅದಕ್ಕೆ ಅವ್ವನ ಮಾತೊಂದೇ ಕಾರಣವಲ್ಲ ಎಂದು ವಕೀಲರು ಹೇಳಿದರು. ಇರಬಹುದು.

ಸಾಕ್ಷಿ ಮುಗಿದ ಆ ಮಧ್ಯಾಹ್ನ ಅವ್ವನನ್ನು ಕಿರವತ್ತಿಗೆ ಬಿಟ್ಟುಬರಲು ನಾನೇ ಹೊರಟೆ. ಕೋರ್ಟಿನ ಎದುರಿನ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆವು. ಅವ್ವ ಅನ್ನ ಕಲಸಿ ಹಾಗೇ ಬಿಟ್ಟಿದ್ದರು.

"ನಿನಗ ಸಿಟ್ಟ್ ಬಂದೈತೇನು?"

"ಇಲ್ಲ ಅವ್ವಾ."

"ನನಗ ಅವತ್ತಿಂದ ಒಂದ ಚಿಂತಿ. ನಾ ಕಿವುಡಿ. ನನಗ ಕೇಳಿಸ್ತು. ಆಕಿಗೆ ಯಾಕ ಕೇಳಸಲಿಲ್ಲ?"

ಇಬ್ಬರೂ ಎದ್ದು ಕೈ ತೊಳೆದೆವು.

ಯಲ್ಲಾಪುರ ದಾಟಿದ ಮೇಲೆ ರಸ್ತೆ ಕಾಡಿನ ನಡುವೆ ಸಾಗುತ್ತದೆ. ಬಿಸಿಲಿತ್ತು. ನಾನು ಏನನ್ನೂ ಯೋಚಿಸುತ್ತಿರಲಿಲ್ಲ. ತಂಗಿಯನ್ನಾಗಲಿ, ಕೋರ್ಟನ್ನಾಗಲಿ ಯೋಚಿಸಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ಕೈ ಬೈಕು ಓಡಿಸುತ್ತಿತ್ತು. ಇದ್ದಕ್ಕಿದ್ದಂತೆ ಅವ್ವ ನನ್ನ ಬೆನ್ನಿಗೆ ಜೋರಾಗಿ ಬಡಿದರು. ಮತ್ತೆ ಬಡಿದರು.

"ಬದಿಗೆ ತಗೋ ತಮ್ಮಾ, ಬದಿಗೆ ತಗೋ! ಆಗಿಂದ ಹಿಂದ ಹಾರನ್ ಹೊಡಿಯಾಕತ್ತಾನ, ಕೇಳಸವಲ್ದೇನ್ ನಿನಗ?"

ಕೇಳಿಸಿರಲಿಲ್ಲ. ಬೈಕನ್ನು ಮಣ್ಣಿಗಿಳಿಸಿ ನಿಲ್ಲಿಸಿದೆ. ದಿಮ್ಮಿ ಹೇರಿದ ಲಾರಿ ನಮ್ಮನ್ನು ಗಾಳಿಗೆ ಅಲುಗಾಡಿಸಿ ಹೋಯಿತು. ಅದು ಹೋದ ಮೇಲೆಯೇ ಅದರ ಹಾರನ್ ನನಗೆ ಕೇಳಿಸಿದ್ದು, ದೂರದ ತಿರುವಿನಲ್ಲಿ, ಬೇರೆ ಯಾರಿಗೋ ಹೊಡೆಯುತ್ತಿತ್ತು. ಕಾಲು ನೆಲಕ್ಕೂರಿ ನಿಂತೆ. ಪಟ್ಟಿ ಹಚ್ಚಿದ ಬೆರಳು ಆಗ ಉರಿಯತೊಡಗಿತು.

ಅವ್ವನ ಕೈ ನನ್ನ ಬೆನ್ನ ಮೇಲೆಯೇ ಇತ್ತು. ಸ್ವಲ್ಪ ಹೊತ್ತಿನ ನಂತರ, "ಹೋಗೂಣೇನು?" ಎಂದು ಕೇಳಿದರು.

"ತಡೀರಿ ಅವ್ವಾ," ಎಂದೆ. "ಸ್ವಲ್ಪ ತಡೀರಿ."